ಎರಡು ಸೀಟಿನ ಗಾಡಿ

ಅನ್ನಿಯ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದೆ, ಅಷ್ಟರಲ್ಲಿ ಗೂಡಿನಲ್ಲಿಟ್ಟಿದ್ದ ಮೊಬೈಲು ಬಡಿದುಕೊಂಡಿತು.

ಒಲೆಯ ಮೇಲೆ ರೊಟ್ಟಿಯ ಹೆಂಚು ಕಾಯುತ್ತಿತ್ತು. ಅತ್ತೆ ಶಿವಬಸಮ್ಮ ಹಿತ್ತಲಲ್ಲಿ ತಂಬಿಗೆ ತಿಕ್ಕುತ್ತಿದ್ದರು. ಆ ಹೊತ್ತಿಗೆ ನಮ್ಮ ಮನೆಗೆ ಫೋನು ಮಾಡುವವರು ಒಬ್ಬರೇ, ನನ್ನ ಗಂಡ ಗವಿಸಿದ್ದೇಶ್. ಕೊಯಮತ್ತೂರಿನಲ್ಲಿ ಅವರು ಕೆಲಸ ಮಾಡುವ ವರ್ಕ್‌ಶಾಪಿನ ಬಾಗಿಲು ತೆರೆಯುವ ಮುಂಚೆ ಅವರಿಗೆ ಸಿಗುವ ಬಿಡುವು ಅದೊಂದೇ. ಕೂದಲು ಬಿಡದೆ, ಅನ್ನಿಯನ್ನೂ ಎಳೆದುಕೊಂಡು ಹೋಗಿ, ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಪುಷ್ಪಾ, ಶೆಡ್ಡಿನ ಗಾಡಿ ಕೊಟ್ಟುಬಿಡೋಣು," ಎಂದರು.

"ಯಾರಿಗ್ರಿ?"

"ಯಾರಿಗಂತ ಈಗ ಹೆಂಗ ಹೇಳ್ಲಿ. ಇಂಟರ್‌ನೆಟ್ಟಿನ್ಯಾಗ ಹರಾಜು ಹಾಕೋದು. ಮೈಲಾರೇಶಗ ಹೇಳೀನಿ, ಅಂವ ಎಲ್ಲಾ ಮಾಡ್ತಾನ. ಇಲ್ಲಿ ನಮ್ಮ ಮಾಲಕರು ಹಳೇ ಗಾಡಿ ಎಲ್ಲಾ ಹಂಗ ತೊಗೊಳ್ಳೋದು, ಹಂಗ ಕೊಡೋದು. ಅರ್ಧಮರ್ಧ ಬಿಚ್ಚಿದ ಗಾಡಿಗೇ ಗಿರಾಕಿ ಜಾಸ್ತಿ. ತಾವ ಕೂಡಿಸ್ಕೋಬೇಕು ಅನ್ನೋ ಹುಚ್ಚು ಇರ್ತತಿ ಅವರಿಗೆ."

"ನಿಮಗೂ ಇತ್ತಲ್ರಿ ಆ ಹುಚ್ಚು."

ಅತ್ತ ಕಡೆ ಯಾರೋ ಕಬ್ಬಿಣದ ಶಟರ್ ಎತ್ತಿದ ಸದ್ದಾಯಿತು.

"ಇತ್ತು. ಇಲ್ಲಿ ಅಂಥವು ದಿನಾ ಕೈಯಾಗ ಹಾಯ್ತಾವ. ಅದರ ಮ್ಯಾಲಿನ ಆಸಿ ಹೋಗೇತಿ ನನಗ. ಸುಮ್ನ ಯಾಕ ಶೆಡ್ಡಿನ್ಯಾಗ ಕೊಳೀಬೇಕು ಅದು."

"ದೀಪಾವಳಿಗೆ ಬರ್ತೀರಲ್ಲ?"

"ನೋಡ್ತೀನಿ. ಕೆಲಸ ಐತಿ ಲೇ," ಎಂದರು. ಯಾರೋ ಅವರನ್ನು ತಮಿಳಿನಲ್ಲಿ ಕೂಗಿದರು. ಫೋನು ಕಟ್ಟಾಯಿತು.

ನನ್ನ ಕೈಯೊಳಗಿನ ಮೂರು ಎಳೆಗಳು ಯಾವಾಗಲೋ ಒಂದಾಗಿದ್ದವು. ಅನ್ನಿ ತಲೆ ಅಲುಗಿಸದೆ ನಿಂತಿದ್ದಳು. ಗಾಡಿ, ಹರಾಜು, ದೀಪಾವಳಿ, ಎಲ್ಲವೂ ಅವಳ ಕಿವಿಯ ಮೇಲೇ ಬಿದ್ದಿದ್ದವು. ಬಾಯಿ ತೆರೆದಳು, ಉಸಿರು ಎಳೆದುಕೊಂಡಳು, ಮತ್ತೆ ಮುಚ್ಚಿದಳು.

"ಏನವ್ವ?" ಎಂದೆ.

"ಇನ್ನೊಂದು ಜಡಿ," ಎಂದಳು.

ಅನ್ನಿ ಎಂದರೆ ಅನ್ನದಾನಮ್ಮ, ಅತ್ತೆಯ ತಾಯಿಯ ಹೆಸರು. ಆಗ ಮೂರನೇ ಕ್ಲಾಸಿನಲ್ಲಿದ್ದಳು. ಅವಳ ವಯಸ್ಸಿನ ಮಕ್ಕಳು ದಿನವಿಡೀ ಅದ್ಯಾಕೆ ಇದ್ಯಾಕೆ ಎಂದು ಜೀವ ತಿನ್ನುತ್ತವೆ. ಇವಳು ಕೇಳುವುದಿಲ್ಲ. ಒಳಗೆ ಏನಾದರೂ ಚುಚ್ಚುತ್ತಿದ್ದರೆ ಹೀಗೇ ಬಾಯಿ ತೆರೆದು ಮುಚ್ಚುತ್ತಾಳೆ. ಹಿಡಿದು ಬಾಯಿ ಬಿಡಿಸಲು ಹೋದರೆ ಇನ್ನೂ ಒಳಗೆ ಸರಿಯುತ್ತಾಳೆ ಎಂದು ಗೊತ್ತಿದ್ದುದರಿಂದ ನಾನು ಕಾಯುತ್ತೇನೆ. ಅವತ್ತೂ ಜಡೆ ಹಾಕಿ, ರಿಬ್ಬನ್ ಕಟ್ಟಿ, ಬುತ್ತಿ ಕೊಟ್ಟು ಶಾಲೆಗೆ ಕಳಿಸಿದೆ. ಹೋಗುವಾಗ ಅವಳು ಶೆಡ್ಡಿನ ಕಡೆಯಿಂದ ಸುತ್ತು ಹಾಕಿಕೊಂಡು ಹೋದಳು.

ತಂಬ್ರಹಳ್ಳಿಯ ನಮ್ಮ ಮನೆಯ ಹಿಂದೆ ಆ ತಗಡಿನ ಶೆಡ್ಡು. ಅದರೊಳಗೆ ತಾಡಪಾಲಿನ ಕೆಳಗೆ ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ ಒಂದು ಎಂ.ಜಿ. ಕಾರು. ವಿಲಾಯತಿಯಲ್ಲಿ ರೇಸು ಓಡಿಸುವವರು ಇಟ್ಟುಕೊಳ್ಳುತ್ತಿದ್ದ ಜಾತಿಯದು. ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಹರಪನಹಳ್ಳಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಸಾಹುಕಾರರೊಬ್ಬರು ಅದನ್ನು ತರಿಸಿದ್ದರಂತೆ. ಸಾಹುಕಾರರು ತೀರಿದ ಮೇಲೆ ಜಿನ್ನು ನಿಂತಿತು, ಗಾಡಿಯೂ ನಿಂತಿತು. ಹತ್ತಿ ಅಂಡಿಗೆಗಳ ಹಿಂದೆ ಅದರ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ನನ್ನ ತವರು ತೆಲಿಗಿ. ನನ್ನನ್ನು ನೋಡಲು ಬಂದವರು ತಿರುಗಿ ಹೋಗುವಾಗ ಹರಪನಹಳ್ಳಿಯಲ್ಲಿ ಬಸ್ಸಿಗೆ ಕಾದು ಬೇಸತ್ತು ಹಾಗೇ ಅಡ್ಡಾಡಿ ಆ ಜಿನ್ನಿನ ಅಂಗಳ ಹೊಕ್ಕರಂತೆ. ಹೆಣ್ಣು ನೋಡಲು ಹೋದವ ಹೆಣ್ಣನ್ನೂ ಒಪ್ಪಿದ, ಗಾಡಿಯನ್ನೂ ಒಪ್ಪಿದ ಎಂದು ನಮ್ಮ ಕಡೆಯ ಹೆಂಗಸರು ಬಹಳ ದಿನ ಆಡಿಕೊಂಡರು. "ಎರಡರಾಗ ಯಾವುದು ಮೊದ್ಲ ಮನಿಗಿ ಬಂತವ್ವ?" ಎಂದು ಯಾರಾದರೂ ಕೇಳಿದರೆ ಅತ್ತೆ, "ಸೊಸಿ ಮೊದ್ಲು. ಆದ್ರ ಒಂದ ತಿಂಗಳದಾಗ ಸವತಿ ಬಂತು," ಎನ್ನುತ್ತಿದ್ದರು.

ಆ ಗಾಡಿಯನ್ನು ತರಲು ನಾನೂ ಹೋಗಿದ್ದೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಗಾಡಿಯನ್ನು ಹಗ್ಗ ಹಾಕಿ ಕಟ್ಟಿದರು. ಇವರು ಒಳಗೆ ಹತ್ತಿ ಸ್ಟೇರಿಂಗ್ ಹಿಡಿದು ಕೂತು, ಪಕ್ಕದ ಸೀಟಿನ ಹುಲ್ಲು ಕಸ ಕೊಡವಿ, ನನ್ನ ಕಡೆ ಕೈ ಚಾಚಿದರು. ಹಸಿರು ಬಳೆ ತುಂಬಿದ ಕೈಯಿಂದ ಅದನ್ನು ಹಿಡಿದುಕೊಂಡು ಹತ್ತಿದೆ. ಹರಪನಹಳ್ಳಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ನಮ್ಮೂರು. ಟ್ರ್ಯಾಕ್ಟರಿನ ಹೊಗೆ ಮುಖಕ್ಕೆ, ಎರಡೂ ಕಡೆ ಶೇಂಗಾ ಹೊಲ, ಕಾರಿನೊಳಗೆ ರಾಜ ರಾಣಿಯ ಹಾಗೆ ನಾವು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುತ್ತಿದ್ದ ಹೆಂಗಸು, "ಎಲ್ಲಿಗಿ ಹೊಂಟಿಪ್ಪ ಮದಲಿಂಗ?" ಎಂದು ಕೂಗಿದಳು.

"ವಿಲಾಯತಿಗಿ," ಎಂದರು ಇವರು.

"ಹೊಸಾಕಿನ್ನ ಬೀಳಿಸಿಗೀಳಿಸಿಯೋ ಮತ್ತ."

ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಆಗ ಇವರು ಸ್ಟೇರಿಂಗನ್ನು ಸುಮ್ಮನೆ ಆಚೆ ಈಚೆ ತಿರುಗಿಸುತ್ತ ಹೇಳಿದರು: "ಮುಂದಿನ ಸಲ ಇದರ ಎಂಜಿನ್ನಿನ ಮ್ಯಾಲ ಹೋಗೋಣು."

ಅದೇ ಕಡೆಯ ಸವಾರಿ. ಮುಂದಿನ ಸಲ ಬರಲಿಲ್ಲ.

ಹಗಲು ಊರಿನವರ ಟ್ರ್ಯಾಕ್ಟರು, ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದ ಇವರು ಸಂಜೆಯಾದರೆ ಶೆಡ್ಡಿನಲ್ಲಿರುತ್ತಿದ್ದರು. ಆ ಗಾಡಿಯ ಮೈ ತಗಡಿನದಾದರೂ ಒಳಗಿನ ಎಲುಬು ಕಟ್ಟಿಗೆಯದು, ಅದನ್ನು ಗೆದ್ದಲು ತಿಂದಿತ್ತು. ಒಂದೊಂದೇ ತುಂಡನ್ನು ಅಳತೆ ಹಿಡಿದು ಸಾಗುವಾನಿಯಲ್ಲಿ ಹೊಸದಾಗಿ ಕೆತ್ತಿದರು. ಎಂಜಿನ್ ಇಳಿಸಿ ಬಿಚ್ಚಿ, ಪ್ರತಿ ಸಾಮಾನನ್ನೂ ನನ್ನ ಹಳೆಯ ಸೀರೆಯ ಚೂರುಗಳಲ್ಲಿ ಸುತ್ತಿ ಹಲಗೆಯ ಮೇಲೆ ಜೋಡಿಸಿದರು. ಹಳೇ ಕಾರು ಹುಡುಕುತ್ತ ಬಂದ ಕೊಯಮತ್ತೂರಿನವರೊಬ್ಬರು ಆ ಕಟ್ಟಿಗೆಯ ಕೆಲಸದ ಮೇಲೆ ಕೈಯಾಡಿಸಿ, ಗಾಡಿ ಬೇಡ, ನೀನೇ ಬಾ ಎಂದು ಕರೆದರು. ಶ್ರೀಮಂತರ ಹಳೇ ಕಾರುಗಳಿಗೆ ಜೀವ ಕೊಡುವ ವರ್ಕ್‌ಶಾಪು ಅವರದು.

"ಒಂದ ವರ್ಷ," ಎಂದಿದ್ದರು ಇವರು ಹೊರಡುವಾಗ. "ಅಲ್ಲಿ ಕಲಿತೀನಿ, ಇಲ್ಲಿ ಸಿಗದ ಸಾಮಾನು ಹುಡುಕ್ಕೊಂಡು ಬರ್ತೀನಿ. ಈ ಗಾಡಿ ಓಡಿದ ದಿನ ನಾ ಊರು ಬಿಡೋದು ನಿಂತ್ಹೋತು ಅಂತ ತಿಳ್ಕೊ."

ಅದು ನಾಲ್ಕನೆಯ ವರ್ಷ. ಮೊದಮೊದಲು ಯುಗಾದಿಗೂ ಬರುತ್ತಿದ್ದರು, ದಸರೆಗೂ ಬರುತ್ತಿದ್ದರು. ಬಂದ ದಿನ ಬ್ಯಾಗನ್ನು ಅಂಗಳದಲ್ಲೇ ಇಟ್ಟು ನೇರ ಶೆಡ್ಡಿಗೆ. ನಾನು ಚಹಾ ಮಾಡಿ ಅನ್ನಿಯ ಕೈಯಲ್ಲಿ ಕಳಿಸುತ್ತಿದ್ದೆ. ಅಡಿಗೆಮನೆಯ ಕಿಟಕಿಯಿಂದ ಇಬ್ಬರ ಮಾತು ಕೇಳುತ್ತಿತ್ತು.

"ಇದೇನು ಹೇಳು?"

"ಕಾರ್ಬುರೇಟರ್."

"ಏನು ಮಾಡ್ತತಿ ಅದು?"

"ಗಾಳಿಗೂ ಪೆಟ್ರೋಲಿಗೂ ಮದುವಿ ಮಾಡ್ತತಿ."

"ಭಲೇ. ಯಾರು ಹೇಳಿಕೊಟ್ರು?"

"ನೀನ, ಹೋದ ಸಲ."

ಮನೆಯೊಳಗೆ ಅಪ್ಪ ಮಗಳಿಗೆ ಅಷ್ಟು ಮಾತಿರಲಿಲ್ಲ. ಊಟಕ್ಕೆ ಕೂತರೆ ಇವರು ಅತ್ತೆಯ ಕಾಲುನೋವು, ಹೊಲದ ಗುತ್ತಿಗೆ ಎಂದು ಏನೇನೋ ವಿಚಾರಿಸುತ್ತಿದ್ದರು. ಅನ್ನಿಯನ್ನು ಅನ್ನಿ ಎಂದು ನೋಡಿ ಮಾತಾಡುವುದು ಶೆಡ್ಡಿನಲ್ಲಿ. ನನ್ನನ್ನು ಪುಷ್ಪಾ ಎಂದು ಮೊದಲಿನ ಹಾಗೆ ಕರೆಯುವುದೂ ಅಲ್ಲೇ, "ಇದನ್ನ ಸ್ವಲ್ಪ ಹಿಡಿ ಬಾ" ಎಂದು. ಆಮೇಲೆ ಯುಗಾದಿಗೆ ಬರುವುದು ತಪ್ಪಿತು. ಈ ಸಲ ದಸರೆಗೂ ಬರಲಿಲ್ಲ.

ಆದರೂ ಗಾಡಿ ಇತ್ತು. ಅವರು ಆಡಿದ ಮಾತು ಅದರ ಜೊತೆಗೇ ತಾಡಪಾಲಿನ ಕೆಳಗೆ ಇದೆ ಎಂದುಕೊಂಡು ನಾನು ಮೂರು ಹೊತ್ತಿನ ಕೆಲಸ ಮಾಡಿಕೊಂಡಿದ್ದೆ. ಈಗ ಅವರೇ ಅದನ್ನು ಕೊಟ್ಟುಬಿಡು ಎಂದಿದ್ದರು. ಅವರ ಗಾಡಿ, ಒಲ್ಲೆ ಎನ್ನಲು ನಾನು ಯಾರು.

ಮೈಲಾರೇಶ ಹಗರಿಬೊಮ್ಮನಹಳ್ಳಿಯಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ, ಇವರ ಶಾಲೆಯ ಗೆಳೆಯನ ತಮ್ಮ. ೨೦೦೭ನೇ ಇಸವಿ ಅದು. ರೈಲಿನ ಟಿಕೆಟ್ಟು, ಪರೀಕ್ಷೆಯ ರಿಸಲ್ಟು ನೋಡಲು ಜನ ಅವನಲ್ಲಿಗೆ ಹೋಗುತ್ತಿದ್ದರು. ಫೋಟೋ ಸ್ಟುಡಿಯೋದಿಂದ ಒಂದು ಕ್ಯಾಮೆರಾ ಕಡ ತಂದು ಬೈಕಿನಲ್ಲಿ ಬಂದ. ತಾಡಪಾಲು ಸರಿಸಿದೆವು. ಹಸಿರು ಬಣ್ಣ ಮಾಸಿದ ಉದ್ದ ಮೂತಿ, ಬಾಗಿದ ಮಡ್‌ಗಾರ್ಡು, ಒಂಟಿ ದೀಪ.

"ತಡಿ ತಮ್ಮಾ," ಎಂದು ಅತ್ತೆ ಒಳಗೆ ಹೋಗಿ ವಿಭೂತಿ ಗಟ್ಟಿ ತಂದರು. ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಅಗಲವಾಗಿ ಎಳೆದು, ನಡುವೆ ಕುಂಕುಮ ಇಟ್ಟರು. "ಬರೇ ಹಣಿಲೆ ಫೋಟೋ ತೆಗೀಬಾರದು."

"ಅಜ್ಜಿ, ಕನ್ಯಾ ತೋರ್ಸಾಕ ನಿಂತೀರೇನು?"

"ಮತ್ತ? ನೋಡಾಕ ಯಾರೂ ಬರಂಗಿಲ್ಲಂತ, ಫೋಟೋ ನೋಡೇ ಒಪ್ಪತಾರಂತ. ಕನ್ಯಾಕ್ಕಿಂತ ತ್ರಾಸಿಂದಿದು."

ಮರುದಿನ ಅವನ ಸೆಂಟರಿಗೆ ಹೋದೆ. ನಾನು ಕನ್ನಡದಲ್ಲಿ ಹೇಳುವುದು, ಅವನು ಇಂಗ್ಲಿಷಿನಲ್ಲಿ ಬಡಿಯುವುದು.

"ಏನಿಲ್ಲ ಅನ್ನೋದನ್ನ ಮೊದ್ಲ ಹೇಳ್ರಿ ಅಕ್ಕಾರ. ಗವಿಯಣ್ಣ ಹೇಳ್ಯಾನ, ಇಲ್ಲದ್ದು ಮುಚ್ಚಿಡಬಾರದಂತ. ಮುಚ್ಚಿಟ್ರ ಈ ಗಿರಾಕಿಗೊಳು ನಂಬಂಗಿಲ್ಲ."

"ಎಡಗಡಿ ದೀಪ ಇಲ್ಲ. ಮ್ಯಾಲಿನ ಬಟ್ಟಿ ಚಾವಣಿ ಇಲ್ಲ. ಸ್ಪೀಡ್ ತೋರ್ಸೋದು ಐತಿ, ಮುಳ್ಳಿಲ್ಲ."

"ಎಂಜಿನ್?"

"ಐತಿ. ಆದ್ರ ಗಾಡಿಯೊಳಗಿಲ್ಲ."

"ಓಡಿದ್ದು ಯಾವಾಗ ಅಂತ ಹಾಕ್ಲಿ?"

"ನಾವು ಕಂಡಾಗಿಂದ ಓಡಿಲ್ಲ."

ಅವನು ನಕ್ಕ. "ಇಂಥದಕ್ಕ ಪ್ರಾಜೆಕ್ಟ್ ಕಾರ್ ಅಂತಾರ್ರಿ. ಅಂದ್ರ ಒಬ್ಬರು ಶುರು ಮಾಡಿ ಬಿಟ್ಟದ್ದು, ಇನ್ನೊಬ್ಬರು ಮುಗಿಸ್ಕೋಬೇಕು."

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಒಬ್ಬರು ಶುರು ಮಾಡಿ ಬಿಟ್ಟದ್ದನ್ನು ಮುಗಿಸಲು ಇನ್ನೊಬ್ಬರು ಇರುತ್ತಾರೆಂಬುದು ಎಂಥ ಹಗುರ ಮಾತು.

ಹರಾಜು ಒಂದು ವಾರದ್ದು. ಕೂಗುವವರು ಎಲ್ಲೆಲ್ಲೋ ಕೂತು ಕೂಗುತ್ತಾರೆ, ಹೆಚ್ಚಿಗೆ ಕೂಗಿದವರಿಗೆ ಗಾಡಿ. ಮೈಲಾರೇಶ ದಿನಾ ಸಂಜೆ ಫೋನಿನಲ್ಲಿ, ಇವತ್ತು ಪುಣೆಯವರು ಮುಂದಿದ್ದಾರೆ, ಇವತ್ತು ಹೈದರಾಬಾದಿನವರು ಅವರನ್ನು ದಾಟಿದರು ಎಂದು ಹೇಳುತ್ತಿದ್ದ. ಅತ್ತೆಗೆ ಇದು ತಲೆಗೆ ಹತ್ತಲಿಲ್ಲ. ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರು ಅವರು.

"ಅಲ್ಲೂ ಮುಚ್ಚಿದ ವ್ಯಾಪಾರನ," ಎಂದರು ಶೇಂಗಾ ಒಡೆಯುತ್ತ. "ಆದ್ರ ಬೆರಳಾದ್ರೂ ಕೈಗಿ ಹತ್ತತಾವ. ಇಲ್ಲಿ ಬೆರಳೂ ಇಲ್ಲ, ಮನಶಾನೂ ಇಲ್ಲ."

ಅನ್ನಿ ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದಳು. ಫೋನು ಬಂದಾಗಲೆಲ್ಲ ಅವಳ ಪೆನ್ಸಿಲ್ಲು ನಿಲ್ಲುತ್ತಿತ್ತು.

ಕೊಳ್ಳುವವರು ಪ್ರಶ್ನೆಗಳನ್ನೂ ಬರೆಯುತ್ತಿದ್ದರು. ಬಾನೆಟ್ಟಿನ ಮೇಲಿನ ಮೂರು ಬಿಳಿ ಪಟ್ಟೆಗಳು ಕಂಪನಿಯಿಂದಲೇ ಬಂದ ರೇಸಿನ ಪಟ್ಟೆಗಳೋ, ಆಮೇಲೆ ಬಳಿಸಿದ್ದೋ ಎಂದು ಹೈದರಾಬಾದಿನವರು ಕೇಳಿದ್ದರು. ಮೈಲಾರೇಶ ನಗುತ್ತ ಓದಿ ಹೇಳಿದ. ವಿಭೂತಿ, ಒರೆಸಿದರೆ ಹೋಗುತ್ತದೆ ಎಂದು ಬರೆಸಿದೆ. ಅತ್ತೆಯೂ ನಕ್ಕರು. ಅನ್ನಿ ನಗಲಿಲ್ಲ.

ಆಮೇಲೆ ಪುಣೆಯವರ ಪ್ರಶ್ನೆ ಬಂತು. ಅವರೇ ಎಲ್ಲರಿಗಿಂತ ಮುಂದಿದ್ದವರು. ಎಂಜಿನ್ನಿನ ಹಿಂದಿನ ತಗಡಿಗೆ ಒಂದು ಹಿತ್ತಾಳೆಯ ಪಟ್ಟಿ ಹೊಡೆದಿರುತ್ತದೆ, ಅದರ ಮೇಲೆ ಗಾಡಿಯ ಹುಟ್ಟುನಂಬರು ಇರುತ್ತದೆ, ಅದರ ಫೋಟೋ ಕಳಿಸಿ ಎಂದು. ಜಿನ್ನಿನ ಆಫೀಸಿನಲ್ಲಿದ್ದ ಗಾಡಿಯ ಕಾಗದಪತ್ರ ನಾವು ಕೊಳ್ಳುವ ಮೊದಲೇ ಗೆದ್ದಲ ಪಾಲಾಗಿತ್ತು. ಗಾಡಿಗಿದ್ದ ಗುರುತು ಆ ಪಟ್ಟಿಯೊಂದೇ.

ಬಾನೆಟ್ಟು ಎತ್ತಿ ನೋಡಿದೆ. ಪಟ್ಟಿ ಹೊಸ ತಂಬಿಗೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ನಂಬರಿರಲಿಲ್ಲ. ಬೆರಳಾಡಿಸಿದೆ. ನುಣ್ಣಗೆ, ಒಂದು ಗೀರೂ ತಾಕಲಿಲ್ಲ. ನನ್ನ ಹಣೆ, ಕಣ್ಣು ಅದರೊಳಗೆ ಕಾಣಿಸಿದವು.

ಪ್ರತಿ ಮಹಾನವಮಿಗೂ ಮನೆಯ ಕುಡುಗೋಲು, ಕೊಡಲಿ, ನಟ್ಟು ಬಿಚ್ಚುವ ಪಾನಾ ಎಲ್ಲ ತೊಳೆದು ಪೂಜೆಗಿಡುತ್ತೇವೆ. ಗಾಡಿ ಓಡದಿದ್ದರೂ ಗಾಡಿಯೇ, ಅದಕ್ಕೂ ಪೂಜೆ. ಮೈ ಒರೆಸಿದ ಮೇಲೆ ಅತ್ತೆ ಆ ಹಿತ್ತಾಳೆ ಪಟ್ಟಿಯನ್ನು ದೇವರ ಸಾಮಾನಿನ ಹಾಗೆಯೇ ತಿಕ್ಕುತ್ತಿದ್ದರು, ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಚ್ಚಿ. ವರ್ಷಕ್ಕೊಂದಿಷ್ಟು ನಂಬರು ಸವೆಯುತ್ತ ಬಂದಿತ್ತು. ನಾವ್ಯಾರೂ ಅದನ್ನು ಓದಲು ನೋಡಿದವರಲ್ಲ, ಹೊಳೆಯಿತೇ ಎಂದು ನೋಡಿದವರು.

"ಹಿತ್ತಾಳಿ ಕಪ್ಪಿಟ್ಟಿದ್ರ ಪೂಜಿಗೆ ಇಡತಾರೇನವ್ವ?" ಎಂದರು ಅತ್ತೆ. ಅವರ ದನಿ ಸಣ್ಣಗಾಗಿತ್ತು. "ಅಂವ ಬಂದು ನೋಡಿದ್ರ ಹೊಳೀಬೇಕಲ್ಲ ಅಂತ ತಿಕ್ಕಿದೆ."

ಅವರೊಬ್ಬರೇ ಅಲ್ಲ. ಈ ದಸರೆಯಲ್ಲಿ ಅವರ ಮೊಣಕಾಲು ಹಿಡಿದುಕೊಂಡಿದ್ದರಿಂದ ಪಟ್ಟಿ ತಿಕ್ಕುವ ಕೆಲಸ ಅನ್ನಿಗೆ ಬಂದಿತ್ತು. ಅಪ್ಪ ಬೆಳಗಿನ ಬಸ್ಸಿಗೆ ಬರುತ್ತಾನೆ ಎಂದು ನಾನೇ ಹೇಳಿದ್ದೆ. ಬೆಳಗಿನ ಬಸ್ಸು ಬಂದು ಹೋದ ಮೇಲೆ ಅವಳು ಇನ್ನೊಂದು ಉಂಡೆ ಹುಣಸೆಹಣ್ಣು ಕೇಳಿ ಇಸಿದುಕೊಂಡು ಹೋದಳು. ಮಧ್ಯಾಹ್ನದ ಬಸ್ಸು ಹೋದ ಮೇಲೆ ಮತ್ತೆ. ಊಟಕ್ಕೆ ಕರೆಯಲು ಹೋದಾಗ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿಕೊಂಡು ತಿಕ್ಕುತ್ತಲೇ ಇದ್ದಳು. ಹುಳಿಗೆ ಅವಳ ಹೆಬ್ಬೆರಳು ಸುಕ್ಕುಗಟ್ಟಿ ಬೆಳ್ಳಗಾಗಿತ್ತು. "ಸಾಕು ಬಿಡವ್ವ, ಹೊಳಿಯಾಕತ್ತೈತಿ," ಎಂದಿದ್ದಕ್ಕೆ, "ಇನ್ನೂ ಸ್ವಲ್ಪ," ಎಂದಿದ್ದಳು.

ನಂಬರು ಇಲ್ಲ ಎಂದು ಗೊತ್ತಾಗುತ್ತಲೇ ಪುಣೆಯವರು ಹಿಂದೆ ಸರಿದರು. "ನಂಬರಿಲ್ದ ಗಾಡಿ ಅಂದ್ರ ಸಾಮಾನಿನ ಗುಡ್ಡಿ ಇದ್ದಂಗ ಅಂತಾರ್ರಿ ಅಕ್ಕಾರ," ಎಂದ ಮೈಲಾರೇಶ ಫೋನಿನಲ್ಲಿ. "ಹೈದರಾಬಾದಿನಾಂವ ಕದ್ದ ಮಾಲೇನು ಅಂತ ಕೇಳ್ಯಾನ. ಈಗ ಯಾರೂ ಕೂಗವಲ್ರು."

ಫೋನಿಟ್ಟು ಅಂಗಳದಲ್ಲಿ ಒಣಹಾಕಿದ್ದ ಜೋಳ ತಿರುವಿದೆ. ಹಗ್ಗದ ಮೇಲಿನ ಬಟ್ಟೆ ತೆಗೆದೆ. ಮಡಚುತ್ತಿದ್ದಾಗ ನನಗೆ ಗೊತ್ತಿಲ್ಲದೇ ಹಾಡು ಗುನುಗುತ್ತಿದ್ದೆ. ಅತ್ತೆ ತಲೆಯೆತ್ತಿ ನೋಡಿದಾಗಲೇ ನನಗದು ತಿಳಿದದ್ದು. ಯಾರೂ ಕೂಗದಿದ್ದರೆ ಗಾಡಿ ಎಲ್ಲಿಗೂ ಹೋಗುವುದಿಲ್ಲ.

ಮರುದಿನ ಮಧ್ಯಾಹ್ನ, ಅನ್ನಿ ಶಾಲೆಯಿಂದ ಬರುವ ಹೊತ್ತಿಗೆ, ಇವರ ಫೋನು ಬಂತು. ಹೊತ್ತಲ್ಲದ ಹೊತ್ತು.

"ಅವ್ವ ಹುಣಸಿಹಣ್ಣು ಹಚ್ಚಿ ತಿಕ್ಯಾಳಂತಲ್ಲ," ಎಂದು ನಕ್ಕರು. ಟ್ರೇಲರಿನ ಮೇಲೆ ನಕ್ಕಿದ್ದ ಅದೇ ನಗು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಬಯ್ಯುತ್ತಾರೆಂದು ಬಿಗಿಹಿಡಿದು ನಿಂತಿದ್ದ ನಾನು ಬಾಗಿಲ ಚೌಕಟ್ಟಿಗೆ ಒರಗಿಬಿಟ್ಟೆ. "ಮಾಲಕರಿಗೆ ಹೇಳಿದ್ರ ಅವರೂ ಬಿದ್ದು ಬಿದ್ದು ನಕ್ರು. ಇರ್ಲಿ, ಚಿಂತಿಲ್ಲ. ನಂಬರ್ ಇನ್ನೊಂದು ಕಡಿ ಐತಿ. ಎಡಗಡಿ ಮುಂದಿನ ಗಾಲಿ ಹತ್ರ, ಕೆಳಗ ಉದ್ದಾನ ಕಬ್ಬಿಣ ಬಂದತಲ್ಲ, ಅದರ ಮ್ಯಾಲ ಒತ್ತಿರ್ತಾರ. ಗ್ರೀಸು ಗಟ್ಟಿಯಾಗಿ ಮುಚ್ಚೇತಿ, ಅಷ್ಟ. ಸೀಮಿಎಣ್ಣಿ ಹಾಕಿ ತಿಕ್ಕು, ಕಾಣ್ತತಿ. ನಾಳಿ ಹರಾಜು ಮುಗೀತತಿ. ಇವತ್ತ ಮೈಲಾರೇಶಗ ಹೇಳಿದ್ರ ಪುಣೆಯಾಂವ ತಿರುಗಿ ಬರ್ತಾನ."

"ನೀವು ಬಂದ್ರ ಒಂದ ಗಳಿಗ್ಯಾಗ ಸಿಗ್ತಿತ್ತು," ಎಂದೆ.



"ಒಂದು ನಂಬರ್ ನೋಡಾಕ ಅಲ್ಲಿ ತನಕ ಬರಬೇಕೇನು ಪುಷ್ಪಾ," ಎಂದರು. ಗದರಿದ್ದಲ್ಲ, ಮೆತ್ತಗೇ ಹೇಳಿದರು.

"ಹಂಗಲ್ರಿ," ಎಂದೆ. ಮುಂದಿನದನ್ನು ಕೇಳಬೇಕೆಂದು ಬಾಯಿ ತೆರೆದೆ, ಉಸಿರು ಎಳೆದುಕೊಂಡೆ. "ಆತು, ನೋಡ್ತೀನಿ," ಎಂದು ಇಟ್ಟೆ. ಕೇಳದೆ ನುಂಗುವುದನ್ನು ಅನ್ನಿ ಯಾರಿಂದ ಕಲಿತಳು ಎಂದು ಆಗ ನನಗೆ ತಿಳಿಯಿತು.

ಸಿಗಲಿಲ್ಲ ಎಂದು ಹೇಳಿಬಿಡಬಹುದಿತ್ತು. ಕೊಯಮತ್ತೂರಿನಲ್ಲಿ ಕೂತವರಿಗೆ ಇಲ್ಲಿನ ಗ್ರೀಸಿನ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಸೀಮೆಎಣ್ಣೆಯ ಬುಡ್ಡಿ, ಹಳೇ ಬಟ್ಟೆ, ತೆಂಗಿನ ನಾರು ತೆಗೆದುಕೊಂಡು ಶೆಡ್ಡಿಗೆ ಹೋಗುವಾಗ ಆ ಸುಳ್ಳನ್ನು ಹೇಗೆ ಹೇಳಬೇಕೆಂದು ಎರಡು ಮೂರು ತರ ಮನಸ್ಸಿನಲ್ಲೇ ಹೇಳಿ ನೋಡಿದೆ. ಯಾವ ತರ ಹೇಳಿದರೂ, "ಹೋಗ್ಲಿ ಬಿಡು, ಗುಜರಿಗೆ ಹಾಕು," ಎಂದು ಅವರು ಮೆತ್ತಗೇ ಹೇಳುವುದು ಕಿವಿಗೆ ಕೇಳಿಸಿತು. ಅದನ್ನು ಕೇಳಲು ನನ್ನಿಂದಾಗುತ್ತಿರಲಿಲ್ಲ.

ಅನ್ನಿ ಚೀಲವನ್ನು ಬೆನ್ನಿಂದ ಇಳಿಸದೆ ನೇರ ಶೆಡ್ಡಿಗೇ ಬಂದಳು. ನಾನು ಗೋಣಿತಟ್ಟು ಹಾಸಿ ಎಡಗಾಲಿಯ ಹತ್ತಿರ ಒರಗಿದ್ದೆ.

"ಏನು ಮಾಡಾಕತ್ತಿ?"

"ಗಾಡಿ ನಂಬರ್ ಇಲ್ಲೆಲ್ಲೋ ಐತಂತ. ಬ್ಯಾಟ್ರಿ ಹಿಡಿ ಬಾ."

ಬ್ಯಾಟರಿ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗ್ರೀಸು, ಧೂಳು, ಹತ್ತಿಯ ಎಳೆ ಸೇರಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಸುರಿದು ನಾರಿನಿಂದ ತಿಕ್ಕಿದೆ.

"ನನ್ನಿಂದ ಹೋತೇನು ಅಲ್ಲಿದು?" ಎಂದಳು. ಬಾನೆಟ್ಟಿನ ಕಡೆ ಗಲ್ಲ ತೋರಿಸಿದಳು.

"ನಿನ್ನಿಂದಲ್ಲವ್ವ. ನಾವೆಲ್ಲಾರೂ ತಿಕ್ಕೀವಿ. ಹತ್ತು ವರ್ಷದಿಂದ ತಿಕ್ಕೀವಿ."

"ಅಪ್ಪ ಸಿಟ್ಟಾದ್ನೇನು?"

"ಇಲ್ಲ. ನಕ್ಕ."

ಅವಳ ಮುಖ ಅರಳಿತು. "ಹೆಂಗ ನಕ್ಕ?"

ಅವರ ಹಾಗೆ ನಕ್ಕು ತೋರಿಸಲು ನೋಡಿದೆ. ನನ್ನಿಂದ ಆಗಲಿಲ್ಲ. ಬಟ್ಟೆಯಿಂದ ಕಬ್ಬಿಣ ಒರೆಸಿದೆ. ಮೊದಲು ಒಂದು ಅಡ್ಡಗೆರೆ, ಅದರ ಕೆಳಗೆ ಉದ್ದಗೆರೆ. ಇನ್ನಷ್ಟು ಒರೆಸಿದಾಗ ಇಂಗ್ಲಿಷಿನ ಎರಡು ಅಕ್ಷರ ಎದ್ದು ಬಂದವು. ಪಕ್ಕದಲ್ಲಿ ಅಂಕಿಗಳು, ಮೊನ್ನೆ ಮೊನ್ನೆ ಒತ್ತಿದ ಹಾಗೆ ಅಂಚು ಮಾಸದೆ. ನಮ್ಮ ಯಾರ ಕೈಯೂ ಅಲ್ಲಿಗೆ ತಲುಪಿರಲಿಲ್ಲ.

"ನಿನ್ನ ಸ್ಲೇಟ್ ತಗಿ," ಎಂದೆ. "ನಾ ಹೇಳ್ತೀನಿ, ನೀ ಬರಿ. ಬರದ ಮ್ಯಾಲ ಮೈಲಾರೇಶ ಕಾಕಾಗ ಫೋನ್ ಮಾಡಿ ಓದಿ ಹೇಳೋಣು."

ಚೀಲದಿಂದ ಸ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬ್ಯಾಟರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರಿಂದ ಬೆಳಕು ಅಲುಗಾಡುತ್ತಿತ್ತು. ಟಿ, ಡಿ, ಎಂದೆ. ಬರೆದಳು. ಒಂದು, ಎಂದೆ. ಏಳು. ಸೊನ್ನೆ. ಬಳಪ ಸ್ಲೇಟಿನ ಮೇಲೆ ಕಿರ್ರೆನ್ನುತ್ತ ಒಂದೊಂದನ್ನೇ ದುಂಡಗೆ ಮೂಡಿಸಿತು, ಶಾಲೆಯಲ್ಲಿ ಕಲಿಸಿದ ಹಾಗೆ. ನಾಲ್ಕು, ಎಂದೆ.

ಬಳಪದ ಸದ್ದು ಬರಲಿಲ್ಲ.

ತಿರುಗಿ ನೋಡಿದೆ. ಬಾಯಿ ತೆರೆದಿದ್ದಳು. ಉಸಿರು ಎಳೆದುಕೊಂಡಳು. ನಾನು ಬಟ್ಟೆಯನ್ನು ಹಾಗೇ ಹಿಡಿದುಕೊಂಡು, ಏನು ಎಂದೂ ಅನ್ನದೆ, ಕಾದೆ. ಹೊರಗೆ ಅತ್ತೆ ಕೋಳಿಗಳನ್ನು ಕರೆಯುತ್ತಿದ್ದರು. ಅನ್ನಿ ಸ್ಲೇಟಿನ ಮೇಲಿನ ಅಂಕಿಗಳನ್ನು ನೋಡಿದಳು, ಗಾಡಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಅವ್ವಾ, ಗಾಡಿ ಹೋದ ಮ್ಯಾಲ ಅಪ್ಪ ಯಾತಕ್ಕ ಬರ್ತಾನ?"